ಮುಂದಿನ ನಂಬರ್ ಯಾವುದು? ಓಪನ್ ಸೋರ್ಸ್ ಪ್ಯಾಕೇಜಿಗೆ ಆವೃತ್ತಿ ಸಂಖ್ಯೆ ಕೊಡುವ ಕ್ರಮ

ಕೋಡ್ ಬರೆದಾಗಿದೆ, ಪರೀಕ್ಷೆಯೂ ಮುಗಿದಿದೆ. ಬಿಡುಗಡೆ ಮಾಡೋಣ ಎಂದು ಕೂತಾಗ ‘ವರ್ಷನ್’ ಎಂಬ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. 1.5 ಅನ್ನುವುದೋ, 2.0 ಅನ್ನುವುದೋ? ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ಪ್ಯಾಕೇಜ್ ಹೊರಬಿಡುವವರು ಕೇಳುವುದು ಇದನ್ನೇ. ಕೆಲಸಕ್ಕೆ ಸೇರಿ ಐದಾರು ವರ್ಷವಾದವರೂ ಇದನ್ನೇ ಕೇಳುತ್ತಾರೆ. ಹೆಚ್ಚಿನವರು ತಾವು ಎಷ್ಟು ದುಡಿದಿದ್ದೇವೆ ಎಂಬುದನ್ನು ನೋಡಿ ನಂಬರ್ ಕೊಡುತ್ತಾರೆ, ಎಡವುವುದೂ ಅಲ್ಲೇ. ನಿಮ್ಮ ಪ್ಯಾಕೇಜನ್ನು ನಂಬಿಕೊಂಡವರಿಗೆ ಈ ಅಪ್‌ಡೇಟಿನಿಂದ ಏನಾಗುತ್ತದೆ ಎಂಬುದೊಂದೇ ನಂಬರನ್ನು ನಿರ್ಧರಿಸಬೇಕು.

ಉದ್ದಕ್ಕೂ ಒಂದೇ ಉದಾಹರಣೆ ಸಾಕು. ‘ಕಟ್ಟೆಮಟ್ಟ’ ಎಂಬ ಕಲ್ಪಿತ ಪೈಥಾನ್ ಪ್ಯಾಕೇಜ್ ಇದೆ ಎಂದುಕೊಳ್ಳಿ. ಕನ್ನಂಬಾಡಿ ಕಟ್ಟೆಯ ದಿನದ ನೀರಿನ ಮಟ್ಟ, ಒಳಹರಿವು, ಹೊರಹರಿವು ಇರುವ ಕಡತವನ್ನು ಓದಿ ಅಂಕಿ ಕೊಡುವುದು ಅದರ ಕೆಲಸ. ಮಟ್ಟ ಅಡಿಯಲ್ಲಿ, ಹರಿವು ಕ್ಯೂಸೆಕ್‌ನಲ್ಲಿ. ಈಗಿನ ಆವೃತ್ತಿ 1.4.2.

ಶುರುಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು: ಗಿಟ್‌ನಲ್ಲಿರುವ (ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸಿಡುವ ಸಾಧನ ಅದು) ಕೋಡ್, ಒಂದು ಚೇಂಜ್‌ಲಾಗ್ (ಯಾವ ಆವೃತ್ತಿಯಲ್ಲಿ ಏನು ಬದಲಾಯಿತು ಎಂದು ಬರೆದಿಡುವ ಕಡತ), ಮತ್ತು ನೀವು ಪ್ರಕಟಿಸುವ ಭಂಡಾರದ ಖಾತೆ. ಪೈಥಾನಿಗೆ ಪೈಪಿಐ, ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ, ರಸ್ಟ್‌ಗೆ ಕ್ರೇಟ್ಸ್ ಡಾಟ್ ಐಒ.

1. ಚುಕ್ಕಿಯನ್ನು ದಶಮಾಂಶ ಎಂದುಕೊಳ್ಳಬೇಡಿ

1.9 ಆದ ಮೇಲೆ ಬರುವುದು 1.10. ಅದು 1.1ಕ್ಕೆ ಸಮವಲ್ಲ, 2.0ಗೆ ದಾಟುವ ಬಲವಂತವೂ ಇಲ್ಲ. ಪಹಣಿ ನೋಡಿದವರಿಗೆ ಇದು ಹೊಸದಲ್ಲ: ಸರ್ವೆ ನಂಬರ್ 45/9 ಆದ ಮೇಲೆ 45/10 ಬರುತ್ತದೆ, ಅದೂ 45/1ರ ಜಮೀನೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಚುಕ್ಕಿಯ ಎರಡೂ ಕಡೆ ಇರುವುದು ಬೇರೆ ಬೇರೆ ಪೂರ್ಣಾಂಕ, ಅಷ್ಟೆ.

ಮನುಷ್ಯರಿಗಿಂತ ಯಂತ್ರಗಳೇ ಇಲ್ಲಿ ಹೆಚ್ಚು ಎಡವುತ್ತವೆ. ಆವೃತ್ತಿಗಳನ್ನು ಬರೀ ಅಕ್ಷರಮಾಲೆಯಂತೆ ವಿಂಗಡಿಸಿದರೆ 1.10 ಬಂದು 1.9ಕ್ಕಿಂತ ಮೊದಲು ಕೂರುತ್ತದೆ. ಪೈಥಾನಿನಲ್ಲಿ ‘ಪ್ಯಾಕೇಜಿಂಗ್’ ಲೈಬ್ರರಿಯ ವರ್ಷನ್ ಕ್ಲಾಸ್ ಬಳಸಿ. ಲಿನಕ್ಸ್ ಟರ್ಮಿನಲ್‌ನಲ್ಲಾದರೆ ಸಾರ್ಟ್ ಆದೇಶಕ್ಕೆ ದೊಡ್ಡಕ್ಷರದ ‘-ವಿ’ ಆಯ್ಕೆ ಇದೆ. ಇನ್ನೊಂದು ಗುಂಡಿ ಸೆಟ್ಟಿಂಗ್ ಬರೆದಿಡುವ ಯಾಮೆಲ್ ಕಡತಗಳಲ್ಲಿದೆ. ಪೈಥಾನ್ ಆವೃತ್ತಿ 3.10 ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಯಾಮೆಲ್ ಅದನ್ನು ದಶಮಾಂಶವೆಂದು ಓದಿ 3.1 ಮಾಡಿಬಿಡುತ್ತದೆ. ಸ್ವಯಂಚಾಲಿತ ಪರೀಕ್ಷೆಗಳು ‘3.1 ಸಿಗುತ್ತಿಲ್ಲ’ ಎಂದು ನಿಂತುಹೋದಾಗ ಮೊದಲು ನೋಡಬೇಕಾದ ಜಾಗ ಅದು. ಯಾವಾಗಲೂ "3.10" ಎಂದೇ ಬರೆಯಿರಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ತೊಡಕೂ ಒಂದಿದೆ. ಬಿಡುಗಡೆಯ ಟಿಪ್ಪಣಿಯಲ್ಲಿ ೧.೪.೨ ಎಂದು ಚೆಂದಕ್ಕೆ ಬರೆದುಕೊಳ್ಳಿ, ತಕರಾರಿಲ್ಲ. ಆವೃತ್ತಿಯ ಜಾಗದಲ್ಲಿ ಮಾತ್ರ ಬೇಡ. ಪೈಥಾನಿನ ಇಂಟ್ ಫಂಕ್ಷನ್ ‘೧೨’ ಅನ್ನು ಸುಮ್ಮನೆ 12 ಎಂದು ಓದಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ನಿಮ್ಮ ಯಂತ್ರದಲ್ಲಿ ಸರಿಹೋದದ್ದು ಇನ್ನೊಬ್ಬರಲ್ಲಿ ಮುರಿಯುತ್ತದೆ.

ಈ ಇಡೀ ಹಂತಕ್ಕೆ ಒಂದು ಅಪವಾದ ಫಾಂಟ್‌ಗಳು. ಫಾಂಟ್ ಕಡತದೊಳಗಿನ ಆವೃತ್ತಿ ನಿಜವಾಗಿಯೂ ದಶಮಾಂಶ. ಹಾಗಾಗಿ ಕನ್ನಡ ಫಾಂಟ್ ಮಾಡುವವರು 1.001, 1.002, 1.100 ಎಂದು ಚುಕ್ಕಿಯ ನಂತರ ಮೂರು ಅಂಕಿ ಇಟ್ಟುಕೊಳ್ಳುವುದು ಒಳ್ಳೆಯದು.

2. ಪದ್ಧತಿ ಆರಿಸಿ, ಬರೆದಿಡಿ

ಬೇರೆಯವರ ಕೋಡ್ ನಿಮ್ಮ ಕೋಡನ್ನು ಕರೆಯುವುದಾದರೆ ಸೆಮ್‌ವರ್, ಅಂದರೆ ಅರ್ಥಸೂಚಕ ಆವೃತ್ತಿ ಕ್ರಮ. ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಇದರ ನಿಯಮಾವಳಿ ಬರೆದವರು. ಆ ನಿಯಮಾವಳಿಗೂ 2.0.0 ಎಂಬ ಆವೃತ್ತಿ ಇದೆ. ಮೂರು ಅಂಕಿ: ಮೇಜರ್, ಮೈನರ್, ಪ್ಯಾಚ್. ಬಳಸುವವರ ಕೋಡನ್ನು ಮುರಿಯುವ ಬದಲಾವಣೆಗೆ ಮೇಜರ್ ಏರುತ್ತದೆ, ಹಳೆಯದನ್ನು ಕೆಡಿಸದೆ ಹೊಸದು ಸೇರಿಸಿದರೆ ಮೈನರ್, ಬರೀ ದೋಷ ಸರಿಮಾಡಿದರೆ ಪ್ಯಾಚ್. 

ದಿನಾಂಕವೇ ಮುಖ್ಯವಾದಲ್ಲಿ ಕ್ಯಾಲ್‌ವರ್, ಅಂದರೆ ತಾರೀಖಿನ ಕ್ರಮ. 2004ರ ಅಕ್ಟೋಬರಿನಲ್ಲಿ ಬಂದ ಮೊದಲ ಉಬುಂಟು 4.10 ಆದದ್ದು, 2024ರ ಏಪ್ರಿಲ್‌ನದು 24.04 ಆದದ್ದು ಹೀಗೆ. ಪೈಥಾನ್ ಪ್ಯಾಕೇಜುಗಳನ್ನು ಇಳಿಸಿಕೊಡುವ ಪಿಪ್ ಕೂಡ 2018ರಲ್ಲಿ 10.0.1ರಿಂದ ಒಮ್ಮೆಲೇ 18.0ಗೆ ಹಾರಿತು. ಕಟ್ಟೆಯ ಹಳೆಯ ಮಟ್ಟಗಳ ದತ್ತಾಂಶವನ್ನೇ ಒಂದು ಪ್ಯಾಕೇಜ್ ಮಾಡಿ ತಿಂಗಳಿಗೊಮ್ಮೆ ಬಿಡುವುದಾದರೆ ಅದಕ್ಕೆ ಕ್ಯಾಲ್‌ವರ್ ಹೊಂದುತ್ತದೆ. ಅದನ್ನು ಓದುವ ‘ಕಟ್ಟೆಮಟ್ಟ’ ಲೈಬ್ರರಿಗೆ ಹೊಂದುವುದಿಲ್ಲ: ತಾರೀಖು ನೋಡಿದವರಿಗೆ ಯಾವಾಗ ಬಂತು ಎಂದು ಗೊತ್ತಾಗುತ್ತದೆ, ತಮ್ಮ ಕೋಡ್ ಮುರಿಯುತ್ತದೆಯೇ ಎಂದು ಗೊತ್ತಾಗುವುದಿಲ್ಲ.

ಎರಡು ಎಚ್ಚರಿಕೆ. 2025.06 ಎಂದು ಸೊನ್ನೆ ಹಾಕಿ ಬರೆದರೆ ಪೈಥಾನ್ ಅದನ್ನು 2025.6 ಮಾಡಿಕೊಳ್ಳುತ್ತದೆ, ಸೆಮ್‌ವರ್ ಮುಂದಿನ ಸೊನ್ನೆಯನ್ನು ಒಪ್ಪುವುದೇ ಇಲ್ಲ. ಎರಡನೆಯದು ಇದಕ್ಕಿಂತ ದುಬಾರಿ. ಕ್ಯಾಲ್‌ವರ್‌ಗೆ ಹೋದವರು ಮನಸ್ಸು ಬದಲಿಸಿ 1.0.0ಗೆ ಮರಳುವಂತಿಲ್ಲ, ಏಕೆಂದರೆ 2025 ಯಾವಾಗಲೂ 1ಕ್ಕಿಂತ ದೊಡ್ಡದು. ಇನ್‌ಸ್ಟಾಲರ್ ಹಳೆಯದನ್ನೇ ‘ಹೊಸದು’ ಎಂದು ಇಳಿಸಿಕೊಳ್ಳುತ್ತಿರುತ್ತದೆ. ಪೈಥಾನ್, ಡೆಬಿಯನ್ ಜಗತ್ತಿನಲ್ಲಿ ಇದಕ್ಕೆ ‘ಇಪಾಕ್’ ಎಂಬ ಉಪಾಯವಿದೆ, ಪೈಥಾನಿನಲ್ಲಿ 1!1.0.0, ಡೆಬಿಯನ್‌ನಲ್ಲಿ 1:1.0.0 ಎಂದು ಬರೆದರೆ ಎಣಿಕೆಯ ಹೊಸ ಶಕೆ ಶುರುವಾದಂತೆ. ಆದರೆ ಒಮ್ಮೆ ಅಂಟಿಸಿಕೊಂಡ ಇಪಾಕ್ ಬಿಡಿಸಿಕೊಳ್ಳಲು ಬರುವುದಿಲ್ಲ. ಎನ್‌ಪಿಎಂನಲ್ಲಿ ಆ ಸೌಲಭ್ಯವೂ ಇಲ್ಲ.

ದೊಡ್ಡವರು ಇವೆರಡನ್ನೂ ಪಾಲಿಸುವುದಿಲ್ಲವಲ್ಲ ಎಂಬ ವಾದ ಆಗಾಗ ಬರುತ್ತದೆ. ನಿಜ. ಲಿನಕ್ಸ್ ಕರ್ನಲ್ 2.6.39 ಆದ ಮೇಲೆ 2011ರಲ್ಲಿ 3.0 ಆಯಿತು, 4.20 ಆದ ಮೇಲೆ 2019ರಲ್ಲಿ 5.0 ಆಯಿತು, ಅಂಕಿ ಉದ್ದವಾಯಿತು ಎಂಬುದು ಬಿಟ್ಟರೆ ಬೇರೆ ತಾಂತ್ರಿಕ ಕಾರಣವಿರಲಿಲ್ಲ. ಡೊನಾಲ್ಡ್ ಕನೂತ್ ಅವರ ಟೆಕ್ ತಂತ್ರಾಂಶದ ಆವೃತ್ತಿ ಪ್ರತಿ ಸಲ ಒಂದೊಂದು ಅಂಕಿ ಕೂಡಿಕೊಂಡು 3.141592653ರವರೆಗೆ ಬಂದಿದೆ, ಪೈ ಬೆಲೆಯ ಕಡೆಗೆ ಸಾಗುತ್ತಾ. ಅವರಿಗೆ ಅದು ನಡೆಯುತ್ತದೆ. ನಿಮ್ಮ ಮತ್ತು ನನ್ನಂಥವರ ಲೈಬ್ರರಿಗೆ ಸೆಮ್‌ವರ್ ಸಾಕು.

3. ಭರವಸೆ ಯಾವುದಕ್ಕೆ ಎಂದು ಪಟ್ಟಿ ಮಾಡಿ

ಇದನ್ನು ಬಹುತೇಕರು ಹಾರಿಸುತ್ತಾರೆ. ಸೆಮ್‌ವರ್ ಮಾತನಾಡುವುದು ಸಾರ್ವಜನಿಕ ಎಪಿಐ ಬಗ್ಗೆ ಮಾತ್ರ. ಎಪಿಐ ಎಂದರೆ ಹೊರಗಿನವರು ಕರೆಯಬಹುದು ಎಂದು ನೀವು ಒಪ್ಪಿಕೊಂಡ ಭಾಗ. ರೀಡ್‌ಮಿಯಲ್ಲಿ ನಾಲ್ಕು ಸಾಲು ಬರೆದರೆ ಸಾಕು: ಯಾವ ಫಂಕ್ಷನ್‌ಗಳು, ಅವು ಕೊಡುವ ಏಕಮಾನ, ಕಡತದ ಕಾಲಂ ಹೆಸರುಗಳು, ಟರ್ಮಿನಲ್ ಆದೇಶದ ಆಯ್ಕೆಗಳು. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರುಗಳೆಲ್ಲ ಒಳಮನೆಯವು, ಭರವಸೆಯಿಲ್ಲ ಎಂದೂ ಬರೆಯಿರಿ. ಈ ಪಟ್ಟಿ ಇಲ್ಲದೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ.

4. ಸೊನ್ನೆಯಿಂದ ಶುರುಮಾಡಿ, ಸೊನ್ನೆಯಲ್ಲೇ ಕೂರಬೇಡಿ

ಮೊದಲ ಬಿಡುಗಡೆ 0.1.0. ಸೊನ್ನೆಯ ಕಾಲದಲ್ಲಿ ಏನು ಬೇಕಾದರೂ ಬದಲಾಗಬಹುದು ಎಂಬುದು ನಿಯಮ. ಯಾರಾದರೂ ನಿಮ್ಮ ಪ್ಯಾಕೇಜನ್ನು ದಿನನಿತ್ಯದ ಕೆಲಸಕ್ಕೆ ಬಳಸುತ್ತಿದ್ದಾರೆ, ಒಂದು ಹೆಸರು ಬದಲಿಸುವ ಮುನ್ನ ‘ಅವರಿಗೆ ತೊಂದರೆಯಾದೀತೇ’ ಎಂದು ಯೋಚಿಸುತ್ತಿದ್ದೀರಿ ಎಂದಾದರೆ 1.0.0ರ ಗಳಿಗೆ ಆಗಲೇ ಬಂದಿದೆ. ಎಲ್ಲ ಬಗ್ ತೀರಲಿ ಎಂದು ಕಾಯುವವರು 0.47ರಲ್ಲೇ ಉಳಿದುಹೋಗುತ್ತಾರೆ.

5. ಯಾವ ಅಂಕಿ ಏರಿಸಬೇಕು?

ಕೇಳಿಕೊಳ್ಳಬೇಕಾದ್ದು ಒಂದೇ: ಪಟ್ಟಿಯಲ್ಲಿರುವುದನ್ನು ಮಾತ್ರ ಬಳಸುತ್ತಿರುವವರು ಅಪ್‌ಡೇಟ್ ಆದ ಮೇಲೆ ತಮ್ಮ ಕೋಡನ್ನು ಮುಟ್ಟಬೇಕಾಗುತ್ತದೆಯೇ?

ಖಾಲಿ ಸಾಲು ಬಂದರೆ ‘ಕಟ್ಟೆಮಟ್ಟ’ ಕುಸಿಯುತ್ತಿತ್ತು, ಸರಿಮಾಡಿದಿರಿ. ಯಾರೂ ಏನೂ ಮುಟ್ಟಬೇಕಿಲ್ಲ, 1.4.2 ಹೋಗಿ 1.4.3. ಸಂಗ್ರಹವನ್ನು ಟಿಎಂಸಿಯಲ್ಲಿ ಕೊಡುವ ಹೊಸ ಫಂಕ್ಷನ್ ಸೇರಿಸಿದಿರಿ. ಬೇಕಾದವರು ಬಳಸುತ್ತಾರೆ, ಬೇಡದವರಿಗೆ ಬಾಧೆಯಿಲ್ಲ, 1.5.0. ನಡುವಿನ ಅಂಕಿ ಏರಿದಾಗ ಕೊನೆಯದು ಸೊನ್ನೆಗೆ ಇಳಿಯಬೇಕು. 1.5.3 ಅಲ್ಲ.

ಈಗ ನಿಜವಾದ ಪರೀಕ್ಷೆ. ಮಟ್ಟವನ್ನು ಅಡಿಯ ಬದಲು ಮೀಟರಿನಲ್ಲಿ ಕೊಡೋಣ ಎಂದು ಒಂದೇ ಸಾಲು ಬದಲಿಸಿದಿರಿ. ಫಂಕ್ಷನ್ ಹೆಸರು ಅದೇ, ಕೊಡುವುದು ಈಗಲೂ ಒಂದು ಸಂಖ್ಯೆಯೇ, ನಿಮ್ಮ ಪರೀಕ್ಷೆಗಳೆಲ್ಲ ಪಾಸ್. ಮಂಡ್ಯದಲ್ಲಿ ಯಾರೋ ‘ಮಟ್ಟ 100ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ ಕಳಿಸು’ ಎಂದು ಸ್ಕ್ರಿಪ್ಟ್ ಬರೆದಿಟ್ಟಿದ್ದಾರೆ. ಕಟ್ಟೆ 124.80 ಅಡಿ ತುಂಬಿ ನಿಂತಿರುವಾಗ ನಿಮ್ಮ ಹೊಸ ಫಂಕ್ಷನ್ 38.04 ಅನ್ನುತ್ತದೆ, ಅವರ ಎಚ್ಚರಿಕೆ ಗಂಟೆ ಹೊಡೆಯುತ್ತದೆ. ಎಲ್ಲೂ ದೋಷದ ಸಂದೇಶವಿಲ್ಲ, ಎಲ್ಲಿ ಹುಡುಕಬೇಕೆಂದೂ ಅವರಿಗೆ ತಿಳಿಯದು. ಒಂದೇ ಸಾಲಿನ ಬದಲಾವಣೆಯಾದರೂ ಇದು 2.0.0. ಸದ್ದಿಲ್ಲದೆ ಮುರಿಯುವುದು ಕುಸಿದು ಬೀಳುವುದಕ್ಕಿಂತ ಕೆಟ್ಟದ್ದು.

ಇದೇ ಕೆಲಸವನ್ನು ಮೇಜರ್ ಏರಿಸದೆಯೂ ಮಾಡಬಹುದಿತ್ತು. ಹಳೆಯ ಫಂಕ್ಷನ್ ಅಡಿಯಲ್ಲೇ ಇರಲಿ, ಮೀಟರಿಗೆ ಹೊಸ ಹೆಸರಿನ ಫಂಕ್ಷನ್ ಕೊಡಿ. ಆಗ ಅದು ಬರೀ 1.5.0. ನನ್ನ ಲೆಕ್ಕದಲ್ಲಿ ಮೇಜರ್ ಬಿಡುಗಡೆಗಳಲ್ಲಿ ಬಹಳಷ್ಟು ಹೀಗೆ ತಪ್ಪಿಸಬಹುದಾದವು. ಹಳೆಯದನ್ನು ತೆಗೆಯಲೇಬೇಕಿದ್ದರೆ ಮೊದಲು ಒಂದು ಮೈನರ್ ಬಿಡುಗಡೆಯಲ್ಲಿ ‘ಇದು 2.0.0ರಲ್ಲಿ ಹೋಗುತ್ತದೆ, ಬದಲಿಗೆ ಇಂಥದ್ದು ಬಳಸಿ’ ಎಂಬ ಎಚ್ಚರಿಕೆ ಮೂಡುವಂತೆ ಮಾಡಿ. ಇದಕ್ಕೆ ಡೆಪ್ರಿಕೇಶನ್ ಎನ್ನುತ್ತಾರೆ, ಮುಂಚಿತವಾಗಿ ನೋಟಿಸ್ ಕೊಟ್ಟಂತೆ.

ಜನ ಮೈನರ್ ಎಂದುಕೊಂಡು ಮೋಸಹೋಗುವ ಇನ್ನಷ್ಟು ಮೇಜರ್‌ಗಳು ಇವು. ಫಂಕ್ಷನ್‌ಗೆ ಕಡ್ಡಾಯವಾದ ಹೊಸ ಆರ್ಗ್ಯುಮೆಂಟ್ ಸೇರಿಸುವುದು. ಐಚ್ಛಿಕವಾದದ್ದನ್ನೇ ಕೊನೆಗೆ ಸೇರಿಸದೆ ನಡುವೆ ತೂರಿಸುವುದು. ಮಾಹಿತಿ ಸಿಗದಿದ್ದಾಗ ಖಾಲಿ ಉತ್ತರ ಕೊಡುತ್ತಿದ್ದದ್ದು ಈಗ ಎಕ್ಸೆಪ್ಶನ್ (ಕೋಡನ್ನು ನಿಲ್ಲಿಸುವ ದೋಷ) ಎಸೆಯುವುದು. ತಾರೀಖಿನ ರೂಪ 05-06-2025ರಿಂದ 2025-06-05ಕ್ಕೆ ಬದಲಾಗುವುದು. ನಿಮ್ಮ ಫಂಕ್ಷನ್ ಪಾಂಡಾಸ್ ಎಂಬ ಲೈಬ್ರರಿಯ ಡೇಟಾಫ್ರೇಮ್ (ಕೋಷ್ಟಕ) ಕೊಡುತ್ತಿದ್ದು, ಪಾಂಡಾಸ್‌ನ ಹೊಸ ಮೇಜರ್‌ಗೆ ನೀವು ಹಾರುವುದು. ಪಾಂಡಾಸ್ ಮುರಿದದ್ದು ನಿಮ್ಮ ಬಳಕೆದಾರರ ಮೈಮೇಲೂ ಬರುತ್ತದೆ.

ಜಗಳ ತೀರದ ವಿಷಯವೂ ಒಂದಿದೆ: ಹಳೆಯ ಪೈಥಾನ್ ಆವೃತ್ತಿಯ ಬೆಂಬಲ ಕೈಬಿಡುವುದು. ಪೈಪ್ರಾಜೆಕ್ಟ್ ಕಡತದಲ್ಲಿ (ಪ್ಯಾಕೇಜಿನ ಹೆಸರು, ಆವೃತ್ತಿ ಮುಂತಾದ ವಿವರ ಇರುವ ಕಡತ) ‘ರಿಕ್ವೈರ್ಸ್-ಪೈಥಾನ್’ ಸರಿಯಾಗಿದ್ದರೆ ಹಳೆಯ ಪೈಥಾನ್ ಇರುವವರಿಗೆ ಪಿಪ್ ತಾನಾಗಿ ನಿಮ್ಮ ಹಿಂದಿನ ಆವೃತ್ತಿಯನ್ನೇ ಕೊಡುತ್ತದೆ. ಹಾಗಾಗಿ ಮೈನರ್‌ನಲ್ಲಿ ಮಾಡಿದರೂ ಅಪರಾಧವಲ್ಲ. ಪ್ಯಾಚ್‌ನಲ್ಲಿ ಮಾತ್ರ ಮಾಡಬೇಡಿ.

6. ಪ್ರಯೋಗದ ಬಿಡುಗಡೆ

2.0.0 ಬಿಡುವ ಮುನ್ನ ನಾಲ್ಕು ಜನರ ಕೈಗೆ ಕೊಟ್ಟು ನೋಡುವುದಕ್ಕೆ ಆಲ್ಫಾ, ಬೀಟಾ, ಆರ್‌ಸಿ ಇವೆ. ಆರ್‌ಸಿ ಎಂದರೆ ಎಲ್ಲ ಸರಿಯಿದ್ದರೆ ಇದೇ ಅಂತಿಮ ಎಂಬ ಉಮೇದುವಾರ. ಬರೆಯುವ ರೀತಿ ಮಾತ್ರ ಊರಿಗೊಂದು. ಪೈಥಾನಿನಲ್ಲಿ ಅಡ್ಡಗೆರೆಯಿಲ್ಲದೆ 2.0.0ಆರ್‌ಸಿ1. ಎನ್‌ಪಿಎಂ, ರಸ್ಟ್‌ನಲ್ಲಿ 2.0.0-ಆರ್‌ಸಿ.1. ಡೆಬಿಯನ್ ಪ್ಯಾಕೇಜಿನಲ್ಲಿ 2.0.0~ಆರ್‌ಸಿ1. (ಕನ್ನಡದಲ್ಲಿ ಬರೆದಿರುವ ಅಕ್ಷರಗಳನ್ನು ಕಡತದಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹಾಕಬೇಕು.) ಆ ಅಲೆಗೆರೆ ಅಲಂಕಾರವಲ್ಲ: ಡೆಬಿಯನ್ ಎಣಿಕೆಯಲ್ಲಿ ಅಲೆಗೆರೆ ಇರುವುದು ಏನೂ ಇಲ್ಲದ್ದಕ್ಕಿಂತಲೂ ಹಿಂದೆ ಬರುತ್ತದೆ. ಅಲ್ಲಿ ಅಡ್ಡಗೆರೆ ಹಾಕಿದರೆ ಆರ್‌ಸಿಯೇ ಅಂತಿಮಕ್ಕಿಂತ ಹೊಸದು ಎನಿಸಿಕೊಂಡು, ಬಳಕೆದಾರರು ಅದರಲ್ಲೇ ಸಿಕ್ಕಿಬೀಳುತ್ತಾರೆ.

ಸೆಮ್‌ವರ್‌ನಲ್ಲಿ ಆರ್‌ಸಿ ಮತ್ತು ಅಂಕಿಯ ನಡುವಿನ ಚುಕ್ಕಿ ಬಿಡಬೇಡಿ. ಚುಕ್ಕಿಯಿದ್ದರೆ 10 ಎಂಬುದು ಸಂಖ್ಯೆ, 9ರ ನಂತರ ಬರುತ್ತದೆ. ಚುಕ್ಕಿಯಿಲ್ಲದಿದ್ದರೆ ಇಡೀ ತುಣುಕು ಅಕ್ಷರಮಾಲೆ. ಆರ್‌ಸಿ10 ಹೋಗಿ ಆರ್‌ಸಿ9ಕ್ಕಿಂತ ಹಳೆಯದು ಎನಿಸಿಕೊಳ್ಳುತ್ತದೆ. ಕೂಡು ಚಿಹ್ನೆಯ (+) ನಂತರ ಬರುವ ಬಿಲ್ಡ್ ಮಾಹಿತಿಗೆ (ಆ ಪ್ರತಿ ಹೇಗೆ ತಯಾರಾಯಿತು ಎಂಬ ಗುರುತು) ಹಿರಿತನದ ಲೆಕ್ಕವೇ ಇಲ್ಲ.

ಪಿಪ್ ಪ್ರಯೋಗದ ಆವೃತ್ತಿಯನ್ನು ಸಾಮಾನ್ಯವಾಗಿ ಕೇಳದೆ ಕೊಡುವುದಿಲ್ಲ. ಎನ್‌ಪಿಎಂ ಬೇರೆ ಥರ: ಅದರ ಹಳೆಯ ಆವೃತ್ತಿಗಳಲ್ಲಿ ‘--ಟ್ಯಾಗ್ ನೆಕ್ಸ್ಟ್’ ಎಂದು ಹೇಳದೆ ಪಬ್ಲಿಶ್ ಮಾಡಿದರೆ ನಿಮ್ಮ ಆಲ್ಫಾ ಹೋಗಿ ‘ಲೇಟೆಸ್ಟ್’ ಪಟ್ಟದಲ್ಲಿ ಕೂರುತ್ತದೆ, ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆಲ್ಲ ಅದೇ ಸಿಗುತ್ತದೆ. 2.0.0 ಬಂದ ಮೇಲೆ ಹಳೆಯ ಸಾಲಿನಲ್ಲಿ 1.4.4 ಬಿಡುವಾಗಲೂ ಇದೇ ಅಪಾಯ.

7. ಬಿಡುಗಡೆಯ ದಿನದ ಕ್ರಮ

ಅನುಕ್ರಮ ತಪ್ಪಿಸಬೇಡಿ. ಮೊದಲು ಚೇಂಜ್‌ಲಾಗ್‌ನಲ್ಲಿ ಹೊಸ ಆವೃತ್ತಿ, ತಾರೀಖು ಬರೆಯಿರಿ, ಮುರಿಯುವ ಬದಲಾವಣೆ ಇದ್ದರೆ ಅದೇ ಮೊದಲ ಸಾಲು. ಆಮೇಲೆ ಪೈಪ್ರಾಜೆಕ್ಟ್ ಕಡತದಲ್ಲಿ ನಂಬರ್ ಬದಲಿಸಿ. ಆ ನಂಬರ್ ಒಂದೇ ಜಾಗದಲ್ಲಿರಲಿ. ಕೋಡಿನೊಳಗೆ ಬೇಕಾದರೆ ಇಂಪೋರ್ಟ್‌ಲಿಬ್ ಮೆಟಾಡೇಟಾದಿಂದ ಓದಿಕೊಳ್ಳಿ. ಮೂರು ಕಡೆ ಕೈಯಲ್ಲಿ ಬರೆದಿಟ್ಟವರು ಒಂದಲ್ಲ ಒಂದು ದಿನ ಎರಡನ್ನೇ ಬದಲಿಸುತ್ತಾರೆ. ಕಮಿಟ್ ಮಾಡಿ, ಪರೀಕ್ಷೆಗಳು ಪಾಸಾದ ಮೇಲೆ ಆ ಕಮಿಟ್‌ಗೇ ಟಿಪ್ಪಣಿಸಹಿತ ಟ್ಯಾಗ್ (ಹೆಸರಿನ ಚೀಟಿ) ಹಾಕಿ. ಟ್ಯಾಗ್ ಹೆಸರಿನಲ್ಲಿ ಮುಂದೆ ‘ವಿ’ ಇಡುವುದು ರೂಢಿ, ವಿ1.5.0 ಎಂದು, ಪ್ಯಾಕೇಜಿನ ಆವೃತ್ತಿಯಲ್ಲಿ ಅದು ಬೇಡ, ಬರೀ 1.5.0.

ಗಿಟ್ ಪುಶ್ ಮಾಡಿದ ಮಾತ್ರಕ್ಕೆ ಟ್ಯಾಗ್ ಹೋಗುವುದಿಲ್ಲ. ಟ್ಯಾಗ್ ಹೆಸರು ಹೇಳಿ ಪ್ರತ್ಯೇಕವಾಗಿ ಪುಶ್ ಮಾಡಬೇಕು. ಟ್ಯಾಗ್ ನೋಡಿ ತಾನೇ ಆವೃತ್ತಿ ಲೆಕ್ಕ ಹಾಕುವ ಸೆಟಪ್‌ಟೂಲ್ಸ್-ಎಸ್‌ಸಿಎಂ ಬಳಸುತ್ತಿದ್ದರೆ ಇನ್ನೊಂದು ನೋಡಿಕೊಳ್ಳಿ: ಪರೀಕ್ಷೆ, ಬಿಡುಗಡೆಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್ ಸಾಮಾನ್ಯವಾಗಿ ಕೊನೆಯ ಒಂದೇ ಕಮಿಟ್ ಇಳಿಸಿಕೊಳ್ಳುತ್ತದೆ, ಹಳೆಯ ಟ್ಯಾಗ್‌ಗಳು ಕಾಣದೆ 0.1ರ ಸುತ್ತಮುತ್ತಲಿನ ಯಾವುದೋ ವಿಚಿತ್ರ ನಂಬರ್ ಹುಟ್ಟುತ್ತದೆ. ಚೆಕ್ಔಟ್ ಹಂತದಲ್ಲಿ ‘ಫೆಚ್-ಡೆಪ್ತ್’ 0 ಎಂದಿಡಿ.

ಕೊನೆಗೆ ಅಪ್‌ಲೋಡ್. ಮೊದಲ ಸಲವಾದರೆ ಟೆಸ್ಟ್‌ಪೈಪಿಐಗೆ ಕಳಿಸಿ, ಬೇರೊಂದು ಖಾಲಿ ಎನ್ವಿರಾನ್ಮೆಂಟ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ. ಎನ್‌ಪಿಎಂಗೆ ‘--ಡ್ರೈ-ರನ್’ ಇದೆ.

8. ತಪ್ಪು ಹೊರಹೋದ ಮೇಲೆ

1.5.0 ಬಿಟ್ಟು ಹತ್ತು ನಿಮಿಷಕ್ಕೆ ಒಂದು ಕಡತ ಸೇರಿಸಲು ಮರೆತದ್ದು ಗೊತ್ತಾಯಿತು. ಮುಂದಿನ ಹೆಜ್ಜೆ 1.5.1. ಅದೇ ನಂಬರಿನಲ್ಲಿ ಸದ್ದಿಲ್ಲದೆ ಬೇರೆ ಕಡತ ತುರುಕುವುದು ಆಗದ ಮಾತು. ಪೈಪಿಐನಲ್ಲಿ ಅಳಿಸಿದರೂ ಅದೇ ಕಡತದ ಹೆಸರನ್ನು ಮತ್ತೆ ಏರಿಸಲು ಬಿಡುವುದಿಲ್ಲ. ಎನ್‌ಪಿಎಂನಲ್ಲಿ ಮೊದಲ 72 ಗಂಟೆಯೊಳಗೆ ಷರತ್ತಿನ ಮೇಲೆ ಹಿಂಪಡೆಯಬಹುದು, ಆದರೆ ಬಳಸಿದ ನಂಬರ್ ಮತ್ತೆ ಸಿಗದು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ ಪುಟಾಣಿ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದಾಗ ಅದನ್ನು ನಂಬಿದ್ದ ಸಾವಿರಾರು ಬಿಲ್ಡ್‌ಗಳು ನಿಂತವು. ಹಿಂಪಡೆಯುವ ನಿಯಮ ಬಿಗಿಯಾದದ್ದು ಆ ಮೇಲೆ.

ಅಳಿಸುವುದರ ಬದಲು ‘ಯಾಂಕ್’ ಮಾಡಿ. ಪೈಪಿಐ, ಕ್ರೇಟ್ಸ್ ಎರಡರಲ್ಲೂ ಇದೆ: ಹೊಸಬರಿಗೆ ಆ ಆವೃತ್ತಿ ಸಿಗುವುದಿಲ್ಲ, ಅದನ್ನೇ ಬಿಗಿದು ಹಿಡಿದಿರುವವರ ಬಿಲ್ಡ್ ಮುರಿಯುವುದಿಲ್ಲ. ಗೋ ಭಾಷೆಯಲ್ಲಿ 1.16ರಿಂದ ‘ರಿಟ್ರ್ಯಾಕ್ಟ್’ ಎಂಬ ಸಾಲು ಇದೇ ಕೆಲಸಕ್ಕೆ. ಗೋದಲ್ಲಿ ಟ್ಯಾಗನ್ನು ಕಿತ್ತು ಬೇರೆ ಕಮಿಟ್‌ಗೆ ಹಾಕಿದರಂತೂ ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸುವ ಗುರುತು) ತಾಳೆಯಾಗದೆ ಬಳಕೆದಾರರಿಗೆ ದೋಷ ಬರಬಹುದು. ಅಲ್ಲಿ 2.0.0 ಆದಾಗ ಮಾಡ್ಯೂಲ್ ಹೆಸರಿನ ಕೊನೆಗೂ ‘/ವಿ2’ ಸೇರಿಸಬೇಕೆಂಬುದನ್ನು ಮರೆಯುವವರೂ ಬಹಳ.

ಮುರಿಯುವ ಬದಲಾವಣೆಯನ್ನು ಗೊತ್ತಿಲ್ಲದೆ 1.5.0 ಎಂದು ಬಿಟ್ಟಿದ್ದರೆ? ಹಳೆಯ ನಡವಳಿಕೆಯನ್ನು ಮರಳಿ ತಂದು 1.6.0 ಬಿಡಿ, ಚೇಂಜ್‌ಲಾಗ್‌ನಲ್ಲಿ ತಪ್ಪು ಒಪ್ಪಿಕೊಳ್ಳಿ, ಆ ಬದಲಾವಣೆಯನ್ನು 2.0.0ಗೆ ಕಾಯ್ದಿರಿಸಿ.

9. ನೀವೇ ಬೇರೆಯವರ ಪ್ಯಾಕೇಜ್ ಬಳಸುವಾಗ

ಎನ್‌ಪಿಎಂನಲ್ಲಿ ^1.2.3 ಎಂದರೆ 1.2.3ರಿಂದ ಹಿಡಿದು 2.0.0ಕ್ಕಿಂತ ಕೆಳಗಿನ ಯಾವುದಾದರೂ ಸರಿ, ~1.2.3 ಎಂದರೆ 1.2.3ರಿಂದ ಹಿಡಿದು 1.3.0ಕ್ಕಿಂತ ಕೆಳಗೆ ಮಾತ್ರ. ಸೊನ್ನೆಯ ಕಾಲದಲ್ಲಿ ^ ಬಿಗಿಯಾಗುತ್ತದೆ: ^0.2.3 ಎಂಬುದು 0.3.0 ಮುಟ್ಟುವುದಿಲ್ಲ, ^0.0.3 ಎಂದರೆ ಅದೊಂದೇ. ಪೈಥಾನಿನ ~= ಇವೆರಡಕ್ಕೂ ಪೂರ್ತಿ ಹೊಂದುವುದಿಲ್ಲ. ~=1.4.2 ಬರೆದರೆ 1.4ರ ಸಾಲಿನಲ್ಲೇ ನಿಲ್ಲುತ್ತದೆ, ~=1.4 ಬರೆದರೆ 1.4ರಿಂದ ಹಿಡಿದು 2.0ರ ಕೆಳಗಿನವೆಲ್ಲ ಒಳಗೆ. ಒಂದು ಅಂಕಿ ಹೆಚ್ಚು ಬರೆದದ್ದಕ್ಕೆ ಅರ್ಥವೇ ಬೇರೆಯಾಗುತ್ತದೆ.

ಓಡಿಸುವ ಆ್ಯಪ್ ಆದರೆ ಲಾಕ್ ಕಡತವನ್ನು (ಪ್ರತಿಯೊಂದು ಡಿಪೆಂಡೆನ್ಸಿಯ, ಅಂದರೆ ನೀವು ನಂಬಿಕೊಂಡ ಹೊರಗಿನ ಪ್ಯಾಕೇಜಿನ, ನಿಖರ ಆವೃತ್ತಿ ಬರೆದಿರುವ ಕಡತ) ಗಿಟ್‌ಗೆ ಸೇರಿಸಿ. ಲೈಬ್ರರಿಯಾದರೆ ಆ ಕಡತ ನಿಮ್ಮ ಬಳಕೆದಾರರನ್ನು ತಲುಪುವುದೇ ಇಲ್ಲ. ಅವರಿಗೆ ತಲುಪುವುದು ಪೈಪ್ರಾಜೆಕ್ಟ್‌ನಲ್ಲಿ ಬರೆದ ವ್ಯಾಪ್ತಿ ಮಾತ್ರ. ಅಲ್ಲಿ ‘==’ ಹಾಕಿ ಒಂದೇ ಆವೃತ್ತಿಗೆ ಕಟ್ಟಿಹಾಕಿದರೆ, ಅದೇ ಡಿಪೆಂಡೆನ್ಸಿಯ ಬೇರೆ ಆವೃತ್ತಿ ಬೇಕಾದ ಇನ್ನೊಂದು ಲೈಬ್ರರಿಯ ಜೊತೆಗೆ ನಿಮ್ಮದನ್ನು ಯಾರೂ ಇನ್‌ಸ್ಟಾಲ್ ಮಾಡಲಾರರು.